ಟೆರೇಸ್ ರೆಸ್ಟೋರೆಂಟ್, ರಾತ್ರಿ 12ರ ತನಕ ಲೈವ್ ಮ್ಯೂಸಿಕ್: ದಾವಣಗೆರೆಯವ್ರು ಏನಂತೀರಿ?

ಹದಡಿರೋಡ್_ಎರಡನೇಕ್ರಾಸ್

ಎಲ್ರಿಗೂ ನಮಸ್ಕಾರ. ನಮ್ಮನೆ ಹದಡಿ ರಸ್ತೆಯಿಂದ ಸ್ವಲ್ಪ ಒಳಗೆ. ಮೇನ್ ರೋಡಿನ ಬಿಲ್ಡಿಂಗಲ್ಲಿ ಮೊದ್ಲು ಕೆಳಗೆ ಬಟ್ಟೆ ಅಂಗಡಿ, ಮೇಲೆ ಟ್ಯೂಷನ್ ಇತ್ತು. ಈಗ ಟೆರೇಸಿಗೆ ಶೀಟ್ ಹೊದಿಸಿ, ಸುತ್ತ ದೀಪದ ಸರ ಬಿಟ್ಟು, ಫ್ಯಾಮಿಲಿ ರೆಸ್ಟೋರೆಂಟ್ ಮಾಡಿದಾರೆ. ಊಟ ಚೆನ್ನಾಗೇ ಐತೆ, ನಾವೂ ಹೋಗಿ ತಿಂದಿದೀವಿ. ತಲೆನೋವು ಇರೋದು ಶುಕ್ರವಾರದಿಂದ ಭಾನುವಾರದ ತನಕ ನಡಿಯೋ ಲೈವ್ ಮ್ಯೂಸಿಕ್‌ದು. ಒಂಬತ್ತಕ್ಕೆ ಶುರು, ಹನ್ನೆರಡಾದ್ರೂ ಮುಗಿಯಲ್ಲ, ಹಾಡೋರು ಎದ್ದು ಹೋದ್ಮೇಲೆ ಯಾರದೋ ಬರ್ತ್‌ಡೇ ಅಂತ ಮೈಕಲ್ಲಿ ಕಿರುಚಾಟ, ಆಮೇಲೆ ಕೆಳಗೆ ಬೈಕುಗಳ ಸೈಲೆನ್ಸರ್ ಸದ್ದು. ಅಪ್ಪಂಗೆ ಎಪ್ಪತ್ತು ದಾಟೈತೆ, ಮಗಳು ಎಸ್ಸೆಸ್ಸೆಲ್ಸಿ. ಬೇಸಿಗೆಲಿ ಕಿಟಕಿ ಹಾಕಿ ಮಲಗಾಕೆ ಆಗುತ್ತಾ ನಮ್ಮೂರಲ್ಲಿ?

ಹೋಟೆಲ್ ಮುಚ್ಚಿಸ್ಬೇಕು ಅನ್ನೋ ಹಠ ನಂಗಿಲ್ಲ. 112ಕ್ಕೆ ಫೋನ್ ಮಾಡಿದ್ರೆ ಗಾಡಿ ಬರುತ್ತೆ, ಸೌಂಡ್ ಕಮ್ಮಿ ಆಗುತ್ತೆ, ಗಾಡಿ ತಿರುಗಿ ಹೋದ ಹತ್ತು ನಿಮಿಷಕ್ಕೆ ಮತ್ತೆ ಜೋರು. ಇದಕ್ಕೆ ಕ್ರಮಬದ್ಧವಾಗಿ ಏನ್ ಮಾಡ್ಬಹುದು, ಗೊತ್ತಿರೋರು ಹೇಳ್ರಿ.

ಖಾರಮಂಡಕ್ಕಿ

ಮೇನ್ ರೋಡ್ ಪಕ್ಕ ಸೈಟ್ ತಗೊಂಡ್ರೆ ಇದೆಲ್ಲ ಇರೋದೇ ಬಿಡ್ರಿ. ರೇಟ್ ಜಾಸ್ತಿ ಆದಾಗ ಖುಷಿ, ಸದ್ದು ಬಂದಾಗ ಬೇಜಾರು ಅಂದ್ರೆ ಹೆಂಗೆ. ಈ ಊರಲ್ಲಿ ರಾತ್ರಿ ಹತ್ತಾದ್ಮೇಲೆ ಫ್ಯಾಮಿಲಿ ಕರ್ಕೊಂಡು ಕೂರೋ ಅಂಥ ಜಾಗ ಎಷ್ಟಿದ್ವು ಹೇಳಿ, ರಾಂ ಅಂಡ್ ಕೋ ಸರ್ಕಲಲ್ಲಿ ನಿಂತ್ಕೊಂಡು ತಿನ್ನೋದು ಬಿಟ್ರೆ? ಈಗ ಒಂದೆರಡು ಆಗ್ತಿದಾವೆ, ಅದಕ್ಕೂ ಕಲ್ಲು ಹಾಕ್ಬ್ಯಾಡ್ರಿ.

ಹಳೇದಾವಣಗೆರೆ

@ಖಾರಮಂಡಕ್ಕಿ ಮನೆ ಮೊದ್ಲು ಬಂತೋ ರೆಸ್ಟೋರೆಂಟ್ ಮೊದ್ಲು ಬಂತೋ ಅವರು ಬರ್ದಿದ್ದನ್ನ ಇನ್ನೊಂದ್ಸಲ ಓದ್ರಿ. ನಾವು ಕಾಟನ್ ಮಿಲ್ ಸೈರನ್ ಕೇಳ್ಕೊಂಡು ಬೆಳೆದೋರು, ಸದ್ದಿಗೆ ಅಂಜೋ ಜನ ಅಲ್ಲ. ಸೈರನ್ ಕೂಗಿ ನಿಲ್ತಿತ್ತು, ಅದಕ್ಕೊಂದು ಟೈಮ್ ಇತ್ತು, ಊರಿನವರು ಅದನ್ನ ನೋಡಿ ಗಡಿಯಾರ ಸರಿ ಮಾಡ್ಕೊಳ್ತಿದ್ರು. ಇದು ಯಾವಾಗ ನಿಲ್ಲುತ್ತೆ ಅಂತನೇ ಗೊತ್ತಿಲ್ಲದ ಸದ್ದು, ಅದೇ ಮನುಷ್ಯನ್ನ ಹಣ್ಣು ಮಾಡೋದು. ಇವತ್ತು 11ಕ್ಕೆ ನಿಲ್ಲುತ್ತೋ 1ಕ್ಕೋ ಅಂತ ಕಾಯ್ತಾ ಬಿದ್ದಿರ್ಬೇಕು.

ಪಿಜಿ_ಹುಡ್ಗ

ನಾನು ಬಿಐಇಟಿ ಇಂಜಿನಿಯರಿಂಗ್ ಕಾಲೇಜಲ್ಲಿ ಫೈನಲ್ ಇಯರ್. ನಮ್ ಪಿಜಿ ಕಡೆನೂ ಇಂಥದ್ದೇ ಒಂದು ಐತೆ. ಫ್ರೆಂಡ್ಸ್ ಜೊತೆ ಹೋದಾಗ ಸಖತ್, ಇಂಟರ್ನಲ್ಸ್ ಇದ್ದಾಗ ನರಕ, ನಿಜ ಹೇಳ್ಬೇಕಂದ್ರೆ ಎರಡೂ ಕಡೆ ಕೂತಿದೀನಿ. ಒಂದು ಮಾತ್ರ ಹೇಳ್ತೀನಿ, ಒಳಗೆ ಕೂತೋರಿಗೂ ಆ ಸೌಂಡ್ ಬೇಡ. ಎದುರಿಗೆ ಕೂತೋನು ಏನ್ ಹೇಳ್ತಿದಾನೆ ಅಂತ ಕೇಳಲ್ಲ, ಎಲ್ರೂ ಮೊಬೈಲ್ ನೋಡ್ಕೊಂಡು ಗೋಬಿ ತಿಂತಾ ಇರ್ತಾರೆ.

ವಕೀಲರಕೋಟು

ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಪ್ರತಿಸಲ ಈ ವಿಷಯ ಬಂದಾಗ ಅರ್ಧಂಬರ್ಧ ಮಾಹಿತಿ ಓಡಾಡುತ್ತೆ.

ಇದಕ್ಕೆ ಇರೋ ಮುಖ್ಯ ಕಾನೂನು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು, ಪರಿಸರ ಸಂರಕ್ಷಣಾ ಕಾಯ್ದೆ ಕೆಳಗೆ ಕೇಂದ್ರ ಸರ್ಕಾರ ಮಾಡಿದ್ದು. ರಾತ್ರಿ ಅಂದ್ರೆ 10ರಿಂದ ಬೆಳಗ್ಗೆ 6. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್, ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55. ಖಾಸಗಿ ಜಾಗದ ಸೌಂಡ್ ಸಿಸ್ಟಮ್ ಆದ್ರೆ ಅದರ ಗಡೀಲಿ ಅಳೆದಾಗ ಈ ಮಿತಿಗಿಂತ 5ಕ್ಕಿಂತ ಜಾಸ್ತಿ ಇರಂಗಿಲ್ಲ. ಅಂದ್ರೆ ಕಮರ್ಷಿಯಲ್ ಅಂತಲೇ ಇಟ್ಕೊಂಡ್ರೂ ರಾತ್ರಿ 60. ಇಬ್ರು ಎದುರುಬದುರು ಕೂತು ಸಾಧಾರಣವಾಗಿ ಮಾತಾಡಿದ್ರೇ ಹತ್ರಹತ್ರ 60 ಬರುತ್ತೆ, ಲೆಕ್ಕ ಹಾಕ್ಕೊಳ್ಳಿ.

ಇನ್ನ ಅಸಲಿ ವಿಷ್ಯ 5ನೇ ನಿಯಮ. ಧ್ವನಿವರ್ಧಕಕ್ಕೆ ಮೊದ್ಲೇ ಲಿಖಿತ ಅನುಮತಿ ಬೇಕು. ಮತ್ತೆ ರಾತ್ರಿ 10ರ ಮೇಲೆ ಧ್ವನಿವರ್ಧಕ, ಆಂಪ್ಲಿಫೈಯರ್ ಅಷ್ಟೇ ಅಲ್ಲ, ಸಂಗೀತ ವಾದ್ಯ ಕೂಡ ಬಳಸಂಗಿಲ್ಲ. ವಿನಾಯಿತಿ ಇರೋದು ಮುಚ್ಚಿದ ಜಾಗಕ್ಕೆ, ಅಂದ್ರೆ ಆಡಿಟೋರಿಯಂ, ಕಾನ್ಫರೆನ್ಸ್ ರೂಮು, ಸಮುದಾಯ ಭವನ, ಬ್ಯಾಂಕ್ವೆಟ್ ಹಾಲ್ ಥರದ್ದಕ್ಕೆ, ಅದೂ ಒಳಗಿನವ್ರಿಗೆ ಕೇಳಿಸೋ ಮಟ್ಟಿಗೆ. ಮೇಲೆ ಶೀಟ್ ಇದ್ದು ನಾಲ್ಕು ಕಡೆ ತೆರೆದಿರೋ ಟೆರೇಸು ಮುಚ್ಚಿದ ಜಾಗ ಅಂತ ಯಾವ ವಾದಾನೂ ನಿಲ್ಲಲ್ಲ.

ದೂರು ಯಾರಿಗೆ ಅಂದ್ರೆ, ಜಿಲ್ಲಾಧಿಕಾರಿ, ಪೊಲೀಸ್ ಕಮಿಷನರ್, ಇಲ್ಲಾ ನೇಮಿಸಿರೋ ಡಿವೈಎಸ್‌ಪಿ ದರ್ಜೆಗೆ ಕಮ್ಮಿ ಇಲ್ಲದ ಅಧಿಕಾರಿ. ನಮ್ಮಲ್ಲಿ ಕಮಿಷನರೇಟ್ ಇಲ್ಲ, ಹಾಗಾಗಿ ಜಿಲ್ಲಾಧಿಕಾರಿ ಮತ್ತು ಡಿವೈಎಸ್‌ಪಿಗೆ ಬರಹದಲ್ಲಿ ಕೊಡಿ. 112 ಅನ್ನೋದು ಆ ಹೊತ್ತಿಗೆ ಸದ್ದು ನಿಲ್ಲಿಸೋಕೆ, ಅದರಿಂದ ಫೈಲ್ ಹುಟ್ಟಲ್ಲ. ಫೈಲ್ ಹುಟ್ಟದೆ ಇದ್ರೆ ನೀವು ನೂರು ಸಲ ಫೋನ್ ಮಾಡಿದ್ರೂ ಪ್ರತಿಸಲ ಮೊದಲನೇ ಸಲನೇ.

ಖಾರಮಂಡಕ್ಕಿ

ಹಂಗಾದ್ರೆ ಗಣಪತಿ ಮೆರವಣಿಗೆ ಡಿಜೆಗೆ ಈ 45 ಎಲ್ಲಿ ಹೋಗುತ್ತೆ ಸಾರ್? ಅಲ್ಲಿ ಎದೆ ಗೂಡೇ ನಡಗುತ್ತೆ. ಅಲ್ಲಿಲ್ಲದ ಕಾನೂನು ಪಾಪ ಸಾಲ ಮಾಡಿ ಹೋಟೆಲ್ ಹಾಕಿದೋನಿಗೆ ಮಾತ್ರ ಯಾಕೆ.

ವಕೀಲರಕೋಟು

ಅಲ್ಲೂ ಐತೆ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮ ಇದ್ರೆ ರಾಜ್ಯ ಸರ್ಕಾರ 10ರಿಂದ 12ರ ತನಕ ಸಡಿಲಿಸಬಹುದು, ಅದು ಇಡೀ ವರ್ಷಕ್ಕೆ 15 ದಿನ ಮೀರಂಗಿಲ್ಲ. 2005ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಶಬ್ದ ಮಾಲಿನ್ಯದ ಕೇಸಲ್ಲಿ ರಾತ್ರಿ ನಿದ್ದೆ, ನೆಮ್ಮದಿ ಕೂಡ ಬದುಕೋ ಹಕ್ಕಿನ ಭಾಗ ಅನ್ನೋ ಅರ್ಥದಲ್ಲೇ ತೀರ್ಪು ಕೊಟ್ಟಿದೆ, ಹಬ್ಬದವ್ರಿಗೊಂದು ಹೋಟೆಲ್‌ನವ್ರಿಗೊಂದು ಅಂತ ಬೇರೆ ಮಾಡಿಲ್ಲ. ಜಾರಿ ಮಾಡೋದ್ರಲ್ಲಿ ಭೇದ ಐತೆ ಅಂದ್ರೆ ಒಪ್ತೀನಿ. ಅಲ್ಲಿ ಬಿಟ್ಟಿದಾರೆ ಅಂತ ಇಲ್ಲೂ ಬಿಡ್ಬೇಕು ಅಂದ್ರೆ ಮಾತ್ರ ಒಪ್ಪಲ್ಲ.

ಕ್ಯಾಶ್‌ಕೌಂಟರ್

ನಾನೂ ಒಂದು ರೆಸ್ಟೋರೆಂಟ್ ನಡಸ್ತೀನಿ, ಇವ್ರು ಹೇಳ್ತಿರೋದು ನಂದಲ್ಲ, ಮೊದ್ಲೇ ಹೇಳ್ಬಿಡ್ತೀನಿ. ಎಲ್ರೂ ಒಂದು ಕಡೆಯಿಂದ ಮಾತಾಡ್ತಿದೀರಿ ಅದಕ್ಕೆ ನಮ್ ಕಡೇದೂ ಸ್ವಲ್ಪ ಕೇಳಿ.

ಮಂಡಿಪೇಟೆ, ಅಶೋಕ ರಸ್ತೆ, ಅಲ್ಲಿನ ಅಂಗಡಿಯವ್ರು ಶೆಟರ್ ಎಳೆಯೋದೇ ಒಂಬತ್ತಕ್ಕೆ. ಮನೆಗೆ ಹೋಗಿ ಕೈಕಾಲು ಮುಖ ತೊಳ್ಕೊಂಡು ಹೆಂಡ್ತಿ ಮಕ್ಳನ್ನ ಕರ್ಕೊಂಡು ಬರೋ ಹೊತ್ತಿಗೆ ಒಂಬತ್ತೂವರೆ ಹತ್ತು. ಡಾಕ್ಟ್ರುಗಳು ಕ್ಲಿನಿಕ್ ಮುಗ್ಸಿ ಬರೋದು ಇನ್ನೂ ಲೇಟು. ಅಂದ್ರೆ ನಮಗೆ ಗಿರಾಕಿ ಬರೋ ಹೊತ್ತೂ ಕಾನೂನಿನ ರಾತ್ರಿ ಶುರುವಾಗೋ ಹೊತ್ತೂ ಒಂದೇ. ವಾರದಲ್ಲಿ ಸೋಮವಾರದಿಂದ ಗುರುವಾರ ಟೇಬಲ್ ಅರ್ಧನೂ ತುಂಬಲ್ಲ, ಬಾಡಿಗೆ, ಕರೆಂಟು, ಅಡಿಗೆಯವ್ರ ಸಂಬಳ ಎಲ್ಲಾ ವೀಕೆಂಡ್ ಮೂರು ರಾತ್ರಿ ಮೇಲೆ ನಿಂತಿರೋದು. ಟ್ರೇಡ್ ಲೈಸೆನ್ಸು, ಎಫ್‌ಎಸ್‌ಎಸ್‌ಎಐ, ಫೈರು, ಹಾಡು ಹಾಕಿದ್ರೆ ಹಾಡಿನ ಹಕ್ಕು ನೋಡ್ಕೊಳ್ಳೋ ಪಿಪಿಎಲ್ಲು ಐಪಿಆರ್‌ಎಸ್ಸು ಅಂತ ಅದಕ್ಕೊಂದು ಫೀಸು. ಇಷ್ಟೆಲ್ಲ ಕಟ್ಟಿ ಬಾಗಿಲು ತೆಗೆದ್ರೆ ಪಕ್ಕದ ಬಿಲ್ಡಿಂಗಿನೋನು ಏನೂ ಕಟ್ಟದೆ ದೊಡ್ಡ ಬಾಕ್ಸ್ ಇಟ್ಟು ನಮ್ ಗಿರಾಕಿ ಎಳ್ಕೊಂಡು ಹೋಗ್ತಾನೆ. ನಾನು ಸೌಂಡ್ ಇಳಿಸಿದ್ರೆ ಜನ ಅವನ ಕಡೆ. ಇದೇ ಆಗಿರೋದು.

ಮತ್ತೆ 2024ರ ಬಜೆಟ್ಟಲ್ಲಿ ಬೆಂಗಳೂರು ಜೊತೆ ಇನ್ನೂ 10 ಮಹಾನಗರ ಪಾಲಿಕೆಗಳಲ್ಲಿ ರಾತ್ರಿ 1ರ ತನಕ ವ್ಯಾಪಾರ ಅಂತ ಸಿಎಂ ಓದಿದ್ರಲ್ಲ, ಅದರ ಅರ್ಥ ಏನು ಹಂಗಾದ್ರೆ?

ವಕೀಲರಕೋಟು

@ಕ್ಯಾಶ್‌ಕೌಂಟರ್ ನಿಮ್ಮ ಕಷ್ಟ ಅರ್ಥ ಆಗುತ್ತೆ, ಆದ್ರೆ ಇಲ್ಲೇ ಎಲ್ರೂ ಎಡವೋದು. ಬಾಗಿಲು ತೆಗೆದಿಡೋ ಟೈಮ್ ಬೇರೆ, ಸ್ಪೀಕರ್ ಹಾಕೋ ಟೈಮ್ ಬೇರೆ. 1 ಗಂಟೆ ತನಕ ಊಟ ಬಡಿಸೋಕೆ ಅವಕಾಶ ಸಿಕ್ಕಿದ್ರೂ 10ರ ಮೇಲಿನ ಶಬ್ದದ ನಿಯಮ ಹಂಗೇ ಇರುತ್ತೆ, ಅದು ಕೇಂದ್ರದ ನಿಯಮ, ರಾಜ್ಯದ ಬಜೆಟ್ ಭಾಷಣದಿಂದ ಬದಲಾಗಲ್ಲ. ಹತ್ತು ಇಲ್ಲಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರೋ ಅಂಗಡಿಗಳಿಗೆ 24 ಗಂಟೆ ತೆರೆಯೋ ಅವಕಾಶ 2021ರಲ್ಲೇ ಬಂತಲ್ಲ, ಅದಕ್ಕೂ ಇದೇ ಮಾತು.

ಬೆಂಗಳೂರಲ್ಲಿ ಲೈವ್ ಬ್ಯಾಂಡ್‌ಗೆ 2005ರಿಂದ ಬೇರೆ ಲೈಸೆನ್ಸಿಂಗ್ ಆದೇಶನೇ ಐತೆ, ರೆಸ್ಟೋರೆಂಟಿನವ್ರು ಸುಪ್ರೀಂ ಕೋರ್ಟ್ ತನಕ ಹೋದ್ರು, 2018ರಲ್ಲಿ ಕೋರ್ಟ್ ಅದನ್ನ ಎತ್ತಿಹಿಡೀತು. ಆ ಆದೇಶ ಬೆಂಗಳೂರಿಗೆ ಮಾತ್ರ. ಅಲ್ಲಿಯ ಪಬ್ ನೋಡ್ಕೊಂಡು ಬಂದು ಇಲ್ಲಿ ಅದೇ ಥರ ಮಾಡ್ತೀನಿ ಅನ್ನೋರು ಅಲ್ಲಿಯ ಲೈಸೆನ್ಸ್ ಕಥೆ ಮಾತ್ರ ನೋಡ್ಕೊಂಡು ಬರಲ್ಲ.

ನೈಟ್‌ಡ್ಯೂಟಿ_ಸಿಸ್ಟರ್

ಪಿ.ಜೆ. ಬಡಾವಣೆ, ಎಂಸಿಸಿ ಬಿ ಬ್ಲಾಕ್ ಕಡೆ ಹೆಜ್ಜೆಗೊಂದು ನರ್ಸಿಂಗ್ ಹೋಮ್ ಐತೆ, ಅಲ್ಲೇ ಹೊಸ ಹೊಸ ಕೆಫೆನೂ ಬರ್ತಿದಾವೆ. ಆಸ್ಪತ್ರೆ ಸುತ್ತ 100 ಮೀಟರ್ ಸೈಲೆನ್ಸ್ ಜೋನ್ ಅಲ್ವಾ? ಆಪರೇಷನ್ ಆಗಿ ಮಲಗಿರೋರು, ಹಸುಗೂಸು ಇರೋ ಬಾಣಂತಿಯರು, ರಾತ್ರಿ ಸದ್ದು ಬಂದ್ರೆ ನಮ್ಮನ್ನ ಕರೆದು ಬೈತಾರೆ. ನಾವೇನ್ ಮಾಡೋಣ, ಕಿಟಕಿ ಹಾಕಿ ಫ್ಯಾನ್ ಜೋರು ಮಾಡ್ತೀವಿ. ಇನ್ನೊಂದು, ಸದ್ದು ಅಂದ್ರೆ ಎಲ್ರೂ ರಾತ್ರಿದು ಮಾತ್ರ ಮಾತಾಡ್ತೀರಿ, ನಾವು ನೈಟ್ ಮುಗ್ಸಿ ಮಲಗೋದು ಬೆಳಗ್ಗೆ ಹತ್ತಕ್ಕೆ, ಆಗ ಹೊಸ ರೆಸ್ಟೋರೆಂಟಿನ ಉದ್ಘಾಟನೆ ಅಂತ ಆಟೋದಲ್ಲಿ ಮೈಕ್ ಕಟ್ಕೊಂಡು ತಿರುಗ್ತಾರೆ. ನಮಗೆ ಯಾವ ಕಾನೂನೂ ಇಲ್ಲ ಬಿಡಿ 😄

ವಕೀಲರಕೋಟು

100 ಮೀಟರ್ ಮಾತು ನಿಜ, ಆಸ್ಪತ್ರೆ, ಶಾಲೆ, ಕೋರ್ಟ್ ಸುತ್ತ. ಆದ್ರೆ 2017ರ ತಿದ್ದುಪಡಿ ಆದ್ಮೇಲೆ ರಾಜ್ಯ ಸರ್ಕಾರ ನೋಟಿಫೈ ಮಾಡಿದ್ರೆ ಮಾತ್ರ ಅದು ಸೈಲೆನ್ಸ್ ಜೋನ್. ಬೋರ್ಡ್ ಇದ್ದ ಮಾತ್ರಕ್ಕೆ ಆಗಲ್ಲ. ನಿಮ್ಮ ಬೀದಿ ಆ ಪಟ್ಟೀಲಿ ಐತಾ ಅಂತ ಮಾಹಿತಿ ಹಕ್ಕಲ್ಲಿ ಕೇಳಬಹುದು, ಹತ್ತು ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡ್ಬೇಕು. ಅದೇ ಅರ್ಜೀಲಿ ಆ ರೆಸ್ಟೋರೆಂಟಿಗೆ ಧ್ವನಿವರ್ಧಕದ ಲಿಖಿತ ಅನುಮತಿ ಕೊಟ್ಟಿದ್ರೆ ಅದರ ಪ್ರತಿನೂ ಕೇಳಿ. ಕೊಟ್ಟಿಲ್ಲ ಅನ್ನೋ ಉತ್ತರ ಬಂದ್ರೆ ಅದೇ ನಿಮ್ ಕೈಗೆ ಸಿಕ್ಕೋ ದೊಡ್ಡ ದಾಖಲೆ.

ಸೌಂಡ್‌ಬಾಕ್ಸ್_ಬಾಡಿಗೆಗೆ

ನಮ್ದು ಶಾಮಿಯಾನ, ಲೈಟು, ಸೌಂಡ್ ಬಾಡಿಗೆ ಕೊಡೋ ಕೆಲಸ, ಮದುವೆ ಮನೆ ರಾಜಕೀಯ ಸಭೆ ಎಲ್ಲಾ ನೋಡಿದೀವಿ. ಎಲ್ರೂ ವಾಲ್ಯೂಮ್ ವಾಲ್ಯೂಮ್ ಅಂತೀರಿ, ನಿಮಗೆ ನಿದ್ದೆ ಕೆಡ್ಸೋದು ಹಾಡಲ್ಲ, ಬೇಸು. ಎರಡನೇ ಕ್ರಾಸಲ್ಲಿ ಮಲಗಿದೋನಿಗೆ ಯಾವ ಹಾಡು ಅಂತ ಗೊತ್ತಾಗಲ್ಲ, ಡುಬ್ ಡುಬ್ ಮಾತ್ರ ಕೇಳುತ್ತೆ, ಹೌದೋ ಅಲ್ವೋ?

ಯಾಕೆ ಅಂದ್ರೆ ಕೆಳಗಿನ ಸ್ವರದ ಅಲೆ ಉದ್ದ. 63 ಹರ್ಟ್ಜ್ ಬೇಸಿನ ಒಂದು ಅಲೆ ಸುಮಾರು 18 ಅಡಿ ಬರುತ್ತೆ. ನಾಲ್ಕಡಿ ಪ್ಯಾರಪೆಟ್ ಗೋಡೆ ಅದನ್ನ ತಡೆಯಲ್ಲ, ಸುತ್ತಿ ದಾಟಿ ಹೋಗುತ್ತೆ. ಮೇಲಿನ ಶೀಟಂತೂ ಲೆಕ್ಕಕ್ಕೇ ಇಲ್ಲ. ಸಬ್ ಊಫರ್ ನೇರ ಸ್ಲ್ಯಾಬ್ ಮೇಲೆ ಇಟ್ಟಿದ್ರೆ ಬಿಲ್ಡಿಂಗೇ ನಡುಗುತ್ತೆ, ಕೆಳಗಿನ ಮನೆಯವರ ಪಾತ್ರೆ ಸ್ಟ್ಯಾಂಡ್ ಹಾಡಾಕೆ ಶುರು ಮಾಡುತ್ತೆ. ರಾತ್ರಿ ನೆಲ ತಣ್ಣಗಾದಾಗ ಕೆಳಗಿನ ಗಾಳಿ ತಂಪು ಮೇಲಿನದು ಬೆಚ್ಚಗೆ ಇರುತ್ತಲ್ಲ, ಆಗ ಸದ್ದು ಮೇಲೆ ಹೋಗೋ ಬದಲು ಬಾಗಿ ಕೆಳಕ್ಕೆ ಬರುತ್ತೆ, ಅದಕ್ಕೆ ಹಗಲು ಕೇಳದೇ ಇರೋದು ರಾತ್ರಿ ಅಷ್ಟು ದೂರ ಕೇಳೋದು. ಟ್ರಾಫಿಕ್ಕೂ ಇರಲ್ಲ ನೋಡಿ.

ವಕೀಲರು ಹೇಳಿದ ಡೆಸಿಬಲ್ ಲೆಕ್ಕದಲ್ಲೂ ಒಂದು ತೂತು ಐತೆ. ನಿಯಮದಲ್ಲಿರೋದು ಡಿಬಿ ಎ, ಮನುಷ್ಯನ ಕಿವಿಗೆ ಹೊಂದಿಸಿದ ಅಳತೆ, ಅದು 63 ಹರ್ಟ್ಜ್ ಹತ್ರ ಸುಮಾರು 26 ಡೆಸಿಬಲ್ ಕಳೆದು ತೋರಿಸುತ್ತೆ. ಹಂಗಾಗಿ ಮೀಟರಲ್ಲಿ ಪಾಸ್, ಮನೇಲಿ ಕಿಟಕಿ ಗಾಜು ಗಡಗಡ. ಮೊಬೈಲ್ ಆಪ್ ಇನ್ನೂ ದಂಡ, ಫೋನಿನ ಮೈಕ್ ಬೇಸನ್ನ ಸರಿಯಾಗಿ ಹಿಡಿಯಲ್ಲ. ಅದರಲ್ಲಿ ಅಳೆದ ಸ್ಕ್ರೀನ್‌ಶಾಟ್ ತಗೊಂಡು ಹೋಗಿ ಜಗಳ ಆಡ್ಬ್ಯಾಡ್ರಿ.

ಮಾಡ್ಬೇಕಾದ್ದು ಏನಂದ್ರೆ, ಸಬ್ ಪೂರ್ತಿ ಆಫ್, ಮಿಕ್ಸರಲ್ಲಿ 120 ಹರ್ಟ್ಜ್‌ಗಿಂತ ಕೆಳಗಿಂದು ಕಟ್. ಮೂಲೇಲಿ ಎರಡು ದೊಡ್ಡ ಬಾಕ್ಸ್ ಇಡೋ ಬದ್ಲು ಪ್ರತಿ ಎರಡು ಟೇಬಲ್ಲಿಗೆ ತಲೆ ಮೇಲೆ ಒಂದೊಂದು ಸಣ್ಣ ಸ್ಪೀಕರ್, ಮೆಲ್ಲಗೆ. ಹತ್ತಿರ ಇದ್ರೆ ಮೆಲ್ಲಗಿದ್ರೂ ಸಾಕು. ಬಯಲಲ್ಲಿ ದೂರ ಎರಡು ಪಟ್ಟಾದ್ರೆ 6 ಡೆಸಿಬಲ್ ಇಳಿಯುತ್ತೆ, ಮೂಲೆ ಬಾಕ್ಸಿನವ್ನು ಆ ತುದಿ ಟೇಬಲ್ಲಿಗೆ ಮುಟ್ಟಿಸೋಕೆ ಜೋರು ಮಾಡ್ತಾನೆ, ಬೀದಿಗೆ ಹೋಗೋದು ಅದೇ. ಮುಖ ಬಡಾವಣೆ ಕಡೆ ಅಲ್ಲ, ಮೇನ್ ರೋಡ್ ಕಡೆನೂ ಅಲ್ಲ, ಒಳಕ್ಕೆ. ಆಮೇಲೆ ಸದ್ದು ಒಂದು ಮಟ್ಟ ದಾಟದಂಗೆ ತಡೆಯೋ ಲಿಮಿಟರ್ ಹಾಕಿ ಅದಕ್ಕೊಂದು ಪಾಸ್‌ವರ್ಡ್, ಪಾಸ್‌ವರ್ಡ್ ಓನರ್ ಹತ್ರ, ಹಾಡೋರ ಹತ್ರ ಅಲ್ಲ.

ವಕೀಲರಕೋಟು

ಅದೆಲ್ಲ ಒಳ್ಳೆ ಸಲಹೆ, ಹತ್ತರ ಒಳಗೆ. ಹತ್ತರ ಮೇಲೆ ತೆರೆದ ಟೆರೇಸಲ್ಲಿ ಸಣ್ಣ ಸ್ಪೀಕರೂ ನಿಯಮದ ಪ್ರಕಾರ ಇಲ್ಲ.

ಸೌಂಡ್‌ಬಾಕ್ಸ್_ಬಾಡಿಗೆಗೆ

ಸಾರ್ ನಿಯಮದ ಪ್ರಕಾರ ನಮ್ ಊರಲ್ಲಿ ಬಹಳ ಇಲ್ಲ. ಬೇಸು ಹೋದ್ರೆ ಎರಡನೇ ಕ್ರಾಸಿನವ್ರು ಮಲಗ್ತಾರೆ, ನಂಗೆ ಅಷ್ಟು ಗೊತ್ತು.

ಕೀಬೋರ್ಡ್_ವಾದಕ

ಇಲ್ಲೀತನಕ ಹಾಡೋರ ಮಾತು ಯಾರೂ ಕೇಳ್ಲಿಲ್ಲ. ನಾನು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸ್ತೀನಿ. ಮೊದ್ಲು ನಮ್ಗೆ ಜಾತ್ರೆ, ಗಣಪತಿ, ರಾಜ್ಯೋತ್ಸವ, ಇಷ್ಟೇ ಸೀಸನ್ನು. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಂದ್ಸಲ. ಮಳೆಗಾಲ ಪೂರ್ತಿ ಖಾಲಿ ಕೂರ್ಬೇಕಿತ್ತು. ಕೊರೊನಾದಲ್ಲಿ ಕೀಬೋರ್ಡ್ ಮಾರಿದ ಗೆಳೆಯರಿದಾರೆ. ಈ ರೆಸ್ಟೋರೆಂಟುಗಳು ಬಂದ್ಮೇಲೆ ವಾರಕ್ಕೆ ಮೂರು ದಿನ ಗ್ಯಾರಂಟಿ ಕೆಲಸ, ತಿಂಗಳ ಲೆಕ್ಕದಲ್ಲಿ ದುಡ್ಡು, ಮೇಲೆ ಊಟ. ನಿಲ್ಲಿಸಿ ಅಂತ ಸುಲಭವಾಗಿ ಹೇಳೋಕೆ ಆಗಲ್ಲ ನಂಗೆ.

ಜೋರು ಮಾಡೋದು ನಾವಲ್ರೀ. ಹಾಡೋರಿಗೆ ಮೆಲ್ಲಗೆ ಹಾಡೋದೇ ಇಷ್ಟ, ಗಂಟಲು ಉಳಿಯುತ್ತೆ. ಯಾವುದೋ ಟೇಬಲ್ಲಿನೋರು ಚೀಟಿ ಕಳಿಸ್ತಾರೆ ಡ್ಯಾನ್ಸ್ ಸಾಂಗ್ ಹಾಡಿ ಅಂತ, ಮ್ಯಾನೇಜರ್ ದೂರದಿಂದ ಕೈ ಮೇಲೆತ್ತಿ ಜೋರು ಜೋರು ಅಂತಾನೆ. ಒಂದು ಟೇಬಲ್ಲಿಗೋಸ್ಕರ ಇಡೀ ಬಡಾವಣೆ ಎದ್ದಿರುತ್ತೆ, ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಅನ್ನೋದು ಇದಕ್ಕೇ.

ನಂದೊಂದು ಸಲಹೆ, ಕಾರ್ಯಕ್ರಮನೇ ಏಳೂವರೆಗೆ ಶುರು ಮಾಡಿ ಹತ್ತಕ್ಕೆ ಮುಗ್ಸಿ. ಅಂಗಡಿಯವ್ರು ಲೇಟಾಗಿ ಬರ್ತಾರೆ ಅಂತ ಅಣ್ಣ ಹೇಳಿದ್ರು, ನಿಜ, ಆದ್ರೆ ಅಂಗಡಿಯವ್ರು ಬರೋದು ಊಟಕ್ಕೆ. ಹಾಡು ಕೇಳೋಕೆ ಬರೋದು ಚಿಕ್ಕ ಮಕ್ಕಳಿರೋ ಫ್ಯಾಮಿಲಿ, ಅವ್ರು ಎಂಟಕ್ಕೇ ಬರ್ತಾರೆ. ನಮ್ಗೂ ಹತ್ತೂವರೆಗೆ ಮನೆ ಸೇರಿದ್ರೆ ಸಾಕಾಗಿರುತ್ತೆ, ಒಂದು ಗಂಟೆಗೆ ಸಾಮಾನು ಹೊತ್ಕೊಂಡು ಬೈಕಲ್ಲಿ ಹೋಗೋ ಕಷ್ಟ ನಮಗೆ ಗೊತ್ತು.

ಕ್ಯಾಶ್‌ಕೌಂಟರ್

ಇದು ಯೋಚ್ನೆ ಮಾಡೋ ಮಾತು. ಏಳೂವರೆಗೆ ಶುರು ಮಾಡಿದ್ರೆ ಎಂಟರ ಬ್ಯಾಚು, ಹತ್ತರ ಬ್ಯಾಚು ಅಂತ ಟೇಬಲ್ ಎರಡು ಸಲ ತುಂಬುತ್ತೆ. ಈಗ ಏನಾಗುತ್ತೆ ಅಂದ್ರೆ ಹಾಡು ಕೇಳ್ತಾ ಒಂದು ಸೂಪ್ ಇಟ್ಕೊಂಡು ಎರಡು ಗಂಟೆ ಕೂತಿರ್ತಾರೆ.

ಪಿಬಿರೋಡ್_ಆಟೋ

ನಾನು ರಾತ್ರಿ ಗಾಡಿ ಹೊಡಿಯೋನು. ಮೇಲಿನ ಮ್ಯೂಸಿಕ್ ಹತ್ತಕ್ಕೇ ನಿಂತ್ರೂ ಕೆಳಗಿನದು ನಿಲ್ಲಲ್ಲ ನೋಡ್ರಿ. ಊಟ ಮುಗ್ಸಿ ಬಂದು ರೋಡಲ್ಲಿ ಅರ್ಧ ಗಂಟೆ ಬಾಯ್ ಹೇಳ್ತಾ ನಿಂತಿರ್ತಾರೆ. ಕಾರ್ ಬಾಗಿಲು ಧಡ್ ಧಡ್, ರಿವರ್ಸ್ ಹಾರ್ನ್ ಕುಯ್ಯೋ ಅನ್ನುತ್ತೆ, ಹುಡುಗ್ರು ಬುಲೆಟ್ಟಲ್ಲಿ ಪಟಾಕಿ ಹೊಡೆಸ್ತಾರೆ. ಪಾರ್ಕಿಂಗ್ ಇಲ್ಲದ ಬಿಲ್ಡಿಂಗಿಗೆ ಐವತ್ತು ಟೇಬಲ್ ಹಾಕಿದ್ರೆ ಗಾಡಿ ಎಲ್ಲಿಗೆ ಹೋಗ್ಬೇಕು, ಒಳಗಿನ ಕ್ರಾಸಿಗೇ. ಮನೆ ಗೇಟಿಗೆ ಅಡ್ಡ ನಿಲ್ಲಿಸಿ ಮೇಲೆ ಹೋಗಿರ್ತಾರೆ. ಒಬ್ಬ ಸೆಕ್ಯೂರಿಟಿನ ಕ್ರಾಸ್ ಮೂಲೇಲಿ ಕೂರಿಸಿದ್ರೆ ಅರ್ಧ ಜಗಳ ಮುಗೀತು.

ವಕೀಲರಕೋಟು

ಆಟೋ ಅಣ್ಣನ ಮಾತಿಗೆ ಸೇರಿಸ್ತೀನಿ, ವಸತಿ ಪ್ರದೇಶದಲ್ಲಿ ರಾತ್ರಿ ಹಾರ್ನ್ ಹೊಡೆಯೋದೂ ಅದೇ ನಿಯಮದಲ್ಲಿ ನಿಷಿದ್ಧ, ತುರ್ತು ಇದ್ರೆ ಬಿಟ್ಟು.

ಪಿಬಿರೋಡ್_ಆಟೋ

ಸಾರ್ ಹಂಗಂದ್ರೆ ನಾವ್ ಗಾಡಿ ಹೊಡಿಯಂಗೇ ಇಲ್ಲ 😂

ದುರ್ಗದ_ಅಕ್ಕ

ಚಿತ್ರದುರ್ಗದಿಂದ. ನಮ್ಮ ಕಡೆ ಹೊಳಲ್ಕೆರೆ ರಸ್ತೆ ಹತ್ರ ಇದೇ ಥರ ಆಗಿತ್ತು. ನಾವು ಹೆಂಗಸ್ರು ನಾಲ್ಕು ಜನ ಸಂಜೆ ಐದಕ್ಕೆ ಹೋದ್ವಿ, ಗಿರಾಕಿ ಇಲ್ಲದ ಹೊತ್ತು ನೋಡ್ಕೊಂಡು. ರಾತ್ರಿ ಹನ್ನೆರಡಕ್ಕೆ ಹೋದ್ರೆ ಜಗಳಾನೇ ಆಗೋದು, ಎಲ್ರ ಮುಂದೆ ಅವನಿಗೂ ಮಾನ ಹೋದಂಗೆ ಆಗುತ್ತೆ. ಅವನ್ನ ಬೈಲಿಲ್ಲ, ನಮ್ಮನೆ ಮಲಗೋ ರೂಮಿಗೆ ಬಂದು ಒಂದ್ಸಲ ಕೂತ್ಕೊಳಪ್ಪ ಅಂತ ಕರೆದ್ವಿ. ಶನಿವಾರ ರಾತ್ರಿ ಬಂದ, ಪಾಪ ನಿಜವಾಗ್ಲೂ ಬಂದ. ಅವನಿಗೆ ಇಷ್ಟು ಕೇಳುತ್ತೆ ಅಂತ ಗೊತ್ತೇ ಇರ್ಲಿಲ್ಲ, ಅವನ ಮನೆ ಊರಾಚೆ. ಆಮೇಲೆ ಒಂದು ವಾಟ್ಸಾಪ್ ಗ್ರೂಪ್ ಮಾಡಿದ್ವಿ, ಮ್ಯಾನೇಜರ್ ಅದರಲ್ಲಿರ್ತಾನೆ. ಸದ್ದು ಜಾಸ್ತಿ ಆದ್ರೆ ಗ್ರೂಪಲ್ಲಿ ಹಾಕ್ತೀವಿ, ಅವನು ಇಳಿಸ್ತಾನೆ. ಯಾವಾಗ್ಲೂ ಅಂತ ಹೇಳಲ್ಲ, ಮ್ಯಾನೇಜರ್ ಬದಲಾದಾಗೆಲ್ಲ ಮತ್ತೆ ಮೊದಲಿಂದ ಶುರು ಮಾಡ್ಬೇಕು.

ಹಳೇದಾವಣಗೆರೆ

ಅಕ್ಕಾ ನಿಮ್ ಹೋಟೆಲ್‌ನೋನು ಒಳ್ಳೇನು. ಇಲ್ಲಿ ಕೆಲವ್ರು "ಯಾರಿಗೆ ಬೇಕಾದ್ರೂ ಹೇಳ್ಕೋ ಹೋಗು" ಅಂತಾರೆ, ಹಿಂದೆ ಯಾರಿದಾರೆ ಅನ್ನೋದರ ಮೇಲೆ ಧೈರ್ಯ. ಅಂಥೋರ ಹತ್ರ ವಾಟ್ಸಾಪ್ ಗ್ರೂಪ್ ನಡಿಯಲ್ಲ.

ಖಾರಮಂಡಕ್ಕಿ

ಎಲ್ಲಾ ಕಡೆ ಹಿಂಗೇ ಮಾಡಿ ಮಾಡಿ ಊರಿನ ಹುಡುಗ್ರು ಶನಿವಾರ ಬಂತಂದ್ರೆ ಹುಬ್ಬಳ್ಳಿ, ಬೆಂಗಳೂರು ಅಂತ ಓಡ್ತಾರೆ. ಸ್ಮಾರ್ಟ್ ಸಿಟಿ ಅಂತ 2016ರಲ್ಲಿ ಮೊದಲನೇ ಪಟ್ಟೀಲೇ ಹೆಸರು ಬಂತು, ಗ್ಲಾಸ್ ಹೌಸ್ ಆಯ್ತು, ರಸ್ತೆ ಆಯ್ತು, ರಾತ್ರಿ ಹತ್ತಕ್ಕೆ ಊರು ಮಾತ್ರ ಮಲಗಿರ್ಬೇಕು. ಬೈಪಾಸ್ ಕಡೆ ಡಾಬಾಗಳಿಗೆ ಹೋಗಿ ಕುಡಿದು ಗಾಡಿ ಓಡಿಸ್ಕೊಂಡು ಬರೋದಕ್ಕಿಂತ ಊರೊಳಗೆ ಹೆಂಡ್ತಿ ಮಕ್ಳ ಜೊತೆ ಹಾಡು ಕೇಳ್ತಾ ಊಟ ಮಾಡೋದು ಒಳ್ಳೇದಲ್ವಾ? ಇದಕ್ಕೆ ಯಾರಾದ್ರೂ ಉತ್ರ ಕೊಡ್ರಿ.

ನೈಟ್‌ಡ್ಯೂಟಿ_ಸಿಸ್ಟರ್

ಒಳ್ಳೇದೇ ಅಣ್ಣ. ಮೈಕಿಲ್ದೆ ಊಟ ಮಾಡಿದ್ರೆ ಗಂಟಲಲ್ಲಿ ಇಳಿಯಲ್ವಾ?

ಪಿಜಿ_ಹುಡ್ಗ

ಖಾರಮಂಡಕ್ಕಿ ಅಣ್ಣನ ಮಾತಲ್ಲಿ ಒಂದು ಅಂಶ ಐತೆ ಅನ್ಸುತ್ತೆ. ಎಲ್ಲಾ ರೆಸ್ಟೋರೆಂಟ್ ಟೆರೇಸ್ ಮೇಲೇ ಯಾಕೆ? ಬಾಡಿಗೆ ಕಮ್ಮಿ, ಗಾಳಿ ಬರುತ್ತೆ, ಏಸಿ ಹಾಕೋದು ಬೇಡ. ಅದೇ ಮ್ಯೂಸಿಕ್ಕನ್ನ ಕೆಳಗೆ ಒಂದು ಹಾಲ್ ಒಳಗೆ, ಎರಡು ಬಾಗಿಲು ಹಾಕಿ, ಏಸಿ ಹಾಕಿ ಮಾಡಿದ್ರೆ ಹನ್ನೆರಡರ ತನಕ ನಡೆಸ್ಲಿ ಯಾರಿಗೇನು. ದುಡ್ಡು ಉಳಿಸೋರು ಅವ್ರು, ಅದರ ಬೆಲೆ ನಿದ್ದೆಲಿ ಕಟ್ಟೋರು ಪಕ್ಕದ ಮನೆಯವ್ರು.

ಕ್ಯಾಶ್‌ಕೌಂಟರ್

ತಮ್ಮಾ, ಹಾಲ್ ಸೌಂಡ್ ಪ್ರೂಫ್ ಮಾಡಿಸೋ ಖರ್ಚಲ್ಲಿ ಇನ್ನೊಂದು ಅಡಿಗೆ ಮನೆ ಆಗುತ್ತೆ. ಆದ್ರೂ ನೀನು ಹೇಳಿದ್ದು ಸುಳ್ಳಲ್ಲ.

ಹದಡಿರೋಡ್_ಎರಡನೇಕ್ರಾಸ್

ಎಲ್ರಿಗೂ ಥ್ಯಾಂಕ್ಸ್. ದುರ್ಗದ ಅಕ್ಕ ಹೇಳಿದಂಗೆ ಸಂಜೆ ಹೊತ್ತಲ್ಲಿ ಅಕ್ಕಪಕ್ಕದ ಮನೆಯವ್ರು ಸೇರಿ ಹೋಗಿದ್ವಿ. ಓನರ್ ಸಿಕ್ಕಿದ್ರು, ಕಾಫಿ ಕೊಟ್ರು. ಸೌಂಡ್‌ಬಾಕ್ಸ್ ಅವ್ರು ಬರ್ದಿದ್ದನ್ನ ಮೊಬೈಲಲ್ಲೇ ತೋರಿಸ್ದೆ, ಸಬ್ ಊಫರ್ ವಿಷಯ ಅವ್ರಿಗೂ ಹೊಸದು. ಸಬ್ ತೆಗಿತೀವಿ, ಬಾಕ್ಸ್ ಮುಖ ತಿರುಗಿಸ್ತೀವಿ, ಕ್ರಾಸ್ ಮೂಲೇಲಿ ಹುಡುಗನ್ನ ನಿಲ್ಲಿಸ್ತೀವಿ ಅಂದ್ರು. ಹಾಡು ಹತ್ತಕ್ಕೆ ನಿಲ್ಲಿಸಿ ಅಂದಿದ್ದಕ್ಕೆ ಹತ್ತೂವರೆ ಅಂದ್ರು, ಬರ್ತ್‌ಡೇ ಮೈಕ್ ಮಾತ್ರ ಬಿಡಕ್ಕಾಗಲ್ಲ, ಕೇಕ್ ಕಟ್ ಮಾಡೋದೇ ಹನ್ನೆರಡಕ್ಕೆ, ಅದಕ್ಕೇ ಅಡ್ವಾನ್ಸ್ ಕೊಟ್ಟು ಟೇಬಲ್ ಬುಕ್ ಮಾಡ್ತಾರೆ ಅಂತ. ನಮ್ ಜೊತೆ ಬಂದೋರಲ್ಲಿ ಇಬ್ರು ಅಷ್ಟಕ್ಕೆ ಒಪ್ಕೊಂಡ್ಬಿಟ್ರು, ಹೊರಗೆ ಬಂದ್ಮೇಲೆ ನಮ್ನಮ್ಮಲ್ಲೇ ಜಗಳ.

ಕೀಬೋರ್ಡ್_ವಾದಕ

ಕೇಕ್ ಕಟ್ ಮಾಡೋಕೆ ಮೈಕ್ ಯಾಕ್ರೀ ಬೇಕು. ಹತ್ತು ಜನ ಚಪ್ಪಾಳೆ ತಟ್ಟಿದ್ರೆ ಸಾಕು. ಆ ಮೈಕ್ ನಮ್ ಸಾಮಾನು, ನಾವು ಹತ್ತೂವರೆಗೆ ಬಿಚ್ಕೊಂಡು ಹೋದ್ರೆ ಅವ್ರ ಹತ್ರ ಏನಿರುತ್ತೆ? ನಾನು ಹೋಗೋ ಕಡೆ ಇನ್ಮೇಲೆ ಹಂಗೇ ಮಾಡ್ತೀನಿ.

ಸೌಂಡ್‌ಬಾಕ್ಸ್_ಬಾಡಿಗೆಗೆ

ಸಬ್ ತೆಗೆದಿದಾರಾ ಅಂತ ಕಣ್ಣಲ್ಲಿ ನೋಡ್ಕೊಳ್ಳಿ, ಬಾಯಲ್ಲಿ ತೆಗೆದಿರ್ತಾರೆ. ಬೇಕಂದ್ರೆ ಒಂದು ಶನಿವಾರ ನಾನೇ ಬಂದು ಮಿಕ್ಸರ್ ಸೆಟ್ ಮಾಡಿಕೊಡ್ತೀನಿ, ಕಾಸು ಬೇಡ, ಊಟ ಕೊಡ್ಸಿದ್ರೆ ಆಯ್ತು.

ಹಳೇದಾವಣಗೆರೆ

ಹತ್ತಕ್ಕೆ ನಿಲ್ಲಿಸ್ಬೇಕು ಅಂತ ಕಾನೂನೇ ಇರುವ ಕಡೆ ಹತ್ತೂವರೆಗೆ ಒಪ್ಪೋದು ಯಾವ ಲೆಕ್ಕ? ನಾಳೆ ಹನ್ನೊಂದಾಗುತ್ತೆ.

ಹದಡಿರೋಡ್_ಎರಡನೇಕ್ರಾಸ್

ಅಪ್ಪನೂ ಇದನ್ನೇ ಅಂದ್ರು. ಹಂಗಾಗಿ ಮಾತುಕತೆ ಒಂದು ಕಡೆ ಇರ್ಲಿ, ಡಿವೈಎಸ್‌ಪಿ ಆಫೀಸಿಗೆ ಅರ್ಜಿನೂ ಬರೀತಿದೀವಿ. ಹೋಟೆಲ್ ಮುಚ್ಚಿಸಿ ಅಂತ ಅಲ್ಲ, ಹತ್ತರ ಮೇಲೆ ಟೆರೇಸಲ್ಲಿ ಧ್ವನಿವರ್ಧಕ ಬೇಡ ಅಂತ ಒಂದೇ ಮಾತು. ಓನರಿಗೂ ಅದರ ಒಂದು ಕಾಪಿ ನಾನೇ ಕೊಟ್ಟು ಬರ್ತೀನಿ, ಹಿಂದಿನಿಂದ ಮಾಡಿದ್ರು ಅನ್ನೋದು ಬೇಡ.

ವಕೀಲರಕೋಟು

ಹಂಗೇ ಮಾಡಿ. ಅರ್ಜೀಲಿ ದಿನಾಂಕ, ಶುರುವಾದ ಟೈಮ್, ನಿಂತ ಟೈಮ್ ಬರೀರಿ, ಒಬ್ರ ಸಹಿಗಿಂತ ಹತ್ತು ಮನೆ ಸಹಿ ವಾಸಿ. 112ಕ್ಕೆ ಮಾಡಿದ ಕಾಲ್‌ಗಳ ದಿನ, ಹೊತ್ತು ಫೋನಲ್ಲೇ ಇರುತ್ತೆ, ಅದನ್ನೂ ಸೇರಿಸಿ. ತಿಂಗಳಾದ್ರೂ ಏನೂ ಆಗದೆ ಇದ್ರೆ 1902ಕ್ಕೆ, ಅಂದ್ರೆ ರಾಜ್ಯ ಸರ್ಕಾರದ ದೂರು ಸಹಾಯವಾಣಿ ಜನಸ್ಪಂದನದಲ್ಲಿ ಹಾಕಿ, ಅದಕ್ಕೂ ಆಗದಿದ್ರೆ ಈಗಿನ ಕ್ರಿಮಿನಲ್ ಪ್ರೊಸೀಜರ್ ಕಾನೂನಾದ ಬಿಎನ್‌ಎಸ್‌ಎಸ್ 152ರಲ್ಲಿ ಸಾರ್ವಜನಿಕ ಉಪದ್ರವ ಅಂತ ಎಕ್ಸಿಕ್ಯೂಟಿವ್ ಮ್ಯಾಜಿಸ್ಟ್ರೇಟ್ ಹತ್ರ ಹೋಗೋ ದಾರಿ ಐತೆ, ಮೊದ್ಲು ಸಿಆರ್‌ಪಿಸಿ 133 ಇತ್ತಲ್ಲ ಅದೇ. ಅರ್ಜಿ ಕೊಟ್ಟು ಹಂಗೇ ವಾಪಸ್ ಬರ್ಬೇಡಿ, ನಿಮ್ ಕಾಪಿ ಮೇಲೆ ಸ್ವೀಕೃತಿ ಸೀಲು, ನಂಬರು ಹಾಕಿಸ್ಕೊಳ್ಳಿ.